ಓದುಗರ ಪ್ರಶ್ನೆ, ನಮ್ಮ ಉತ್ತರ: ಜೀವಶಾಸ್ತ್ರ ಲ್ಯಾಬಿನ ಜಾರುಗಳು

ಈ ಸಲದ ಪ್ರಶ್ನೆಗಳೆಲ್ಲ ಒಂದೇ ಕಪಾಟಿನ ಸುತ್ತ ಇವೆ. ಕಾರವಾರದಿಂದ ಭಟ್ಕಳದವರೆಗೆ ಮತ್ತು ಘಟ್ಟದ ಮೇಲೆ ಶಿರಸಿಯಲ್ಲಿ, ಶಾಲೆ-ಕಾಲೇಜುಗಳ ಲ್ಯಾಬಿನಲ್ಲಿ ಸಾಲಾಗಿ ನಿಂತಿರುವ ಮೀನು, ಕಪ್ಪೆ, ಶೆಟ್ಲಿ (ಸೀಗಡಿ), ನಕ್ಷತ್ರಮೀನುಗಳ ಜಾರುಗಳು. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಆ ಜಾರಿನೊಳಗಿನ ಪ್ರಾಣಿ ಈಗಾಗಲೇ ಸತ್ತಿದೆ. ಅದನ್ನು ಚೆನ್ನಾಗಿ ಕಾಪಾಡಿದರೆ ಮೂವತ್ತು ವರ್ಷ ಪಾಠ ಹೇಳುತ್ತದೆ. ಹಾಳು ಮಾಡಿಕೊಂಡರೆ ಇನ್ನೊಂದನ್ನು ತರಬೇಕಾಗುತ್ತದೆ. ಕೆಳಗಿನ ಉತ್ತರಗಳಲ್ಲಿ ಅಳತೆಗಳ ಬಗ್ಗೆ ನಾವು ಇಷ್ಟು ಹಟ ಹಿಡಿದಿರುವುದು ಅದಕ್ಕೇ.

ಪ್ರಶ್ನೆ: ಪಿಯು ಕಾಲೇಜಿಗೆ ಹೊಸದಾಗಿ ಬಂದಿದ್ದೇನೆ. ಲ್ಯಾಬಿನಲ್ಲಿ ಡಿಸೆಕ್ಷನ್ ಟ್ರೇ, ಕತ್ತರಿ, ಜೊತೆಗೆ ಫಾರ್ಮಲಿನ್ನಿನಲ್ಲಿಟ್ಟ ಹತ್ತಾರು ಕಪ್ಪೆಗಳಿವೆ. ಮಕ್ಕಳ ಕೈಯಲ್ಲಿ ಡಿಸೆಕ್ಷನ್ ಮಾಡಿಸಬಹುದೇ? ಇಲ್ಲವಾದರೆ ಇವನ್ನೆಲ್ಲ ಇಟ್ಟುಕೊಂಡು ಏನು ಮಾಡಲಿ?
— ಉಪನ್ಯಾಸಕಿ, ಕುಮಟಾ

ಉತ್ತರ: ಮಾಡಿಸಬೇಡಿ. ಈಗಿನ ಪಠ್ಯಕ್ರಮ ಅದನ್ನು ಕೇಳುವುದೇ ಇಲ್ಲ. ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಪ್ರಾಣಿಗಳ ಡಿಸೆಕ್ಷನ್ ಹಂತಹಂತವಾಗಿ ಕಡಿಮೆ ಮಾಡಿ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2011ರಲ್ಲಿ ಹೇಳಿತು, 2014ರಲ್ಲಿ ಪೂರ್ತಿ ನಿಲ್ಲಿಸಿ ಎಂದಿತು. ಪಿಯು ಪ್ರಾಯೋಗಿಕದಲ್ಲಿ ಉಳಿದಿರುವುದು ಸ್ಪೆಸಿಮನ್ ನೋಡಿ ಗುರುತಿಸಿ ಕಾರಣ ಕೊಡುವುದು: ಜಂತುಹುಳು, ಜಿಗಣೆ, ಎರೆಹುಳು, ಸೀಗಡಿ, ಜೇನ್ನೊಣ, ಬಸವನಹುಳು, ನಕ್ಷತ್ರಮೀನು, ಶಾರ್ಕ್, ರೋಹು, ಕಪ್ಪೆ, ಹಲ್ಲಿ ಮುಂತಾದವು. ಹಾಗಾಗಿ ಜಾರುಗಳ ಬೆಲೆ ಮೊದಲಿಗಿಂತ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ನಿಮ್ಮಲ್ಲಿರುವ ಕಪ್ಪೆಗಳಲ್ಲಿ ಚೆನ್ನಾಗಿ ಗಟ್ಟಿಯಾಗಿರುವ ಎರಡನ್ನು ಆರಿಸಿ, ನೀವೇ ಒಮ್ಮೆ ತೆರೆದು ಶಾಶ್ವತ ಪ್ರದರ್ಶನಕ್ಕಿಡಿ. ಒಂದರಲ್ಲಿ ಜೀರ್ಣಾಂಗ, ಇನ್ನೊಂದರಲ್ಲಿ ಮೂತ್ರ-ಜನನಾಂಗ. ಹಿಂದಿನ ದಿನ ಸಂಜೆ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹೊಟ್ಟೆಯ ಚರ್ಮ ಬಿಡಿಸಿ, ಗಾಜಿನ ಪಟ್ಟಿಗೆ ನೈಲಾನ್ ದಾರದಿಂದ ಹೊಲಿದು ಕೂರಿಸಿ. ಗುಂಡುಸೂಜಿ ಚುಚ್ಚಿದರೆ ಕೆಲವೇ ತಿಂಗಳಲ್ಲಿ ತುಕ್ಕು ಹಿಡಿದು ಕಂದು ಕಲೆ ಇಡೀ ಹೊಟ್ಟೆಗೆ ಹರಡುತ್ತದೆ. ಅಂಗಗಳಿಗೆ ಇಂಡಿಯನ್ ಇಂಕಿನಲ್ಲಿ ಬರೆದ ಸಣ್ಣ ಅಂಕೆಗಳನ್ನು ಕಟ್ಟಿ, ಜಾರಿನಲ್ಲಿ ನಿಲ್ಲಿಸಿದರೆ ಪ್ರತಿ ಬ್ಯಾಚಿಗೂ ಅದೇ ಸಾಕು. ಉಳಿದ ಕಪ್ಪೆಗಳನ್ನು ಎಸೆಯಬೇಡಿ, ಸ್ಪೆಸಿಮನ್ ಇಲ್ಲದ ಪಕ್ಕದ ಕಾಲೇಜಿಗೆ ಪತ್ರ ಬರೆದು ಕೊಡಿ. ಗದ್ದೆಯಿಂದ ಹೊಸ ಕಪ್ಪೆ ಹಿಡಿಸುವ ಯೋಚನೆ ಮಾತ್ರ ಯಾವ ಕಾರಣಕ್ಕೂ ಬೇಡ.

ಊಟಕ್ಕೆಂದು ಪೇಟೆಗೆ ಬಂದ ಬಂಗಡೆಯನ್ನೋ ಬೊಂಡಾಸವನ್ನೋ (ಸ್ಕ್ವಿಡ್) ಶಿಕ್ಷಕರೇ ಮೇಜಿನ ಮೇಲೆ ತೆರೆದು ತೋರಿಸುವುದು ಬೇರೆ ವಿಚಾರ. ಆದರೂ ಪ್ರಾಂಶುಪಾಲರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ನೋಡಲು ಮನಸ್ಸಿಲ್ಲದ ಮಕ್ಕಳನ್ನು ಒತ್ತಾಯಿಸಬೇಡಿ. ಮೀನು ಮುಟ್ಟದ ಮನೆಯ ಮಕ್ಕಳೂ ಮೀನು ಹೆಚ್ಚುವ ಮನೆಯ ಮಕ್ಕಳೂ ನಿಮ್ಮ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿರುತ್ತಾರೆ. ಕಿವಿರು ಯಾವುದು, ಪಿತ್ತಕೋಶ ಒಡೆದರೆ ಏನಾಗುತ್ತದೆ ಎಂದು ಮೀನುಗಾರರ ಮನೆಯ ಹುಡುಗಿಗೆ ಪುಸ್ತಕಕ್ಕಿಂತ ಮೊದಲೇ ಗೊತ್ತಿರುತ್ತದೆ. ಅವಳಿಗೆ ವಿವರಿಸಲು ಅವಕಾಶ ಕೊಡಿ.

ಪ್ರಶ್ನೆ: ಪೇಟೆಯಿಂದ ತಾಜಾ ಬಂಗಡೆ ತಂದು, ಜಾರಿನಲ್ಲಿ 10 ಶೇಕಡಾ ಫಾರ್ಮಲಿನ್ ತುಂಬಿ ಮುಳುಗಿಸಿಟ್ಟೆ. ಮೂರು ವಾರದಲ್ಲಿ ಹೊಟ್ಟೆ ಒಡೆದು, ದ್ರಾವಣ ಕಂದಾಗಿ, ಮುಚ್ಚಳ ತೆಗೆದರೆ ಕೊಳೆತ ವಾಸನೆ. ಫಾರ್ಮಲಿನ್ ಕಲಬೆರಕೆಯೇ?
— ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಹೊನ್ನಾವರ

ಉತ್ತರ: ಫಾರ್ಮಲಿನ್ ಸರಿಯಾಗಿಯೇ ಇರಬಹುದು, ಅದು ಒಳಗೆ ಹೋಗಲಿಲ್ಲ ಅಷ್ಟೆ. ಹೊರಗಿನಿಂದ ಮಾಂಸದೊಳಕ್ಕೆ ಫಾರ್ಮಲಿನ್ ಇಳಿಯುವ ವೇಗ ಶುರುವಿನಲ್ಲಿ ಅಂದಾಜು ಗಂಟೆಗೆ ಒಂದು ಮಿಲಿಮೀಟರ್, ಆಮೇಲೆ ಇನ್ನೂ ನಿಧಾನ. ಬಂಗಡೆಯ ಚರ್ಮ, ಅದರಡಿಯ ಕೊಬ್ಬು, ಹೊಟ್ಟೆಯ ಗೋಡೆ ದಾಟಿ ಕರುಳಿಗೆ ತಲುಪುವಷ್ಟರಲ್ಲಿ ಕರುಳಿನ ಜೀರ್ಣರಸ ತನ್ನದೇ ಗೋಡೆಯನ್ನು ಕರಗಿಸಿರುತ್ತದೆ, ಬ್ಯಾಕ್ಟೀರಿಯಾ ಅನಿಲ ತುಂಬಿಸಿರುತ್ತದೆ. ಹೊಟ್ಟೆ ತುಂಬ ತಿಂದಿದ್ದ ಎಣ್ಣೆ ಮೀನು ಬೇಗ ಒಡೆಯುತ್ತದೆ. ಬಂಗಡೆಗಿಂತ ತಾರ್ಲೆ (ಬೂತಾಯಿ) ಇನ್ನೂ ಬೇಗ.

ಆದ್ದರಿಂದ ಸಿರಿಂಜ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕ್ರಮ ಹೀಗೆ.

ಮೊದಲು ದ್ರಾವಣ. ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ನಿನಲ್ಲಿ ಇರುವುದು 37ರಿಂದ 40 ಶೇಕಡಾ ಫಾರ್ಮಾಲ್ಡಿಹೈಡ್. ಅದನ್ನು 100 ಎಂದು ಲೆಕ್ಕ ಹಿಡಿದು 100 ಮಿ.ಲೀ.ಗೆ 900 ಮಿ.ಲೀ. ನೀರು ಸೇರಿಸಿದರೆ ನಾವು ‘10 ಶೇಕಡಾ’ ಎನ್ನುವ ಹದ ಬರುತ್ತದೆ. ಅದರಲ್ಲಿ ನಿಜವಾದ ಫಾರ್ಮಾಲ್ಡಿಹೈಡ್ ಸುಮಾರು 4 ಶೇಕಡಾ ಮಾತ್ರ. ಈ ಎರಡು ಲೆಕ್ಕ ಕಲಸಿಕೊಂಡು 250 ಮಿ.ಲೀ. ಹೊಯ್ಯುವವರಿದ್ದಾರೆ. ಆಗ ಹೊರಗಿನ ಚರ್ಮ ಮರದಂತೆ ಬಿರುಸಾಗುತ್ತದೆ, ಒಳಗೆ ಕೊಳೆಯುವುದು ನಿಲ್ಲುವುದಿಲ್ಲ. ಲೀಟರಿಗೆ 4 ಗ್ರಾಂ ಬೊರಾಕ್ಸ್, ಅಂದರೆ ಬಿಳಿಗಾರ, ಒಂದು ಸಮ ಚಮಚೆಯಷ್ಟು ಹಾಕಿ ಕರಗಿಸಿ. ಫಾರ್ಮಲಿನ್ ಇಟ್ಟಷ್ಟೂ ಹುಳಿಯಾಗುತ್ತಾ ಹೋಗಿ ಮೂಳೆಯ ಸುಣ್ಣವನ್ನು ತಿನ್ನುತ್ತದೆ, ಬಿಳಿಗಾರ ಅದನ್ನು ತಡೆಯುತ್ತದೆ. ಜಾಸ್ತಿ ಹಾಕಬೇಡಿ, ಮಾಂಸ ಪಾರದರ್ಶಕವಾಗಿ ಜೋಲುತ್ತದೆ. ಪಿಎಚ್ ಪಟ್ಟಿ 7ರ ಆಸುಪಾಸಿನಲ್ಲಿದ್ದರೆ ಸಾಕು.

ಮೀನು ಐಸಿನಲ್ಲಿಟ್ಟದ್ದು, ಕಣ್ಣು ಉಬ್ಬಿರುವುದು, ಕಿವಿರು ಕೆಂಪಾಗಿರುವುದು ಇರಲಿ. ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ಪೇಟೆಗೆ ಬರುವ ಬಂಗಡೆ ಎಷ್ಟು ದಿನದ್ದೆಂದು ಹೇಳಲಾಗದು. ಮಳೆಗಾಲ ಮುಗಿದ ಮೇಲೆ ಬೆಳಿಗ್ಗೆ ದಕ್ಕೆಗೆ ಬಂದದ್ದನ್ನೇ ತನ್ನಿ. ಮೈಮೇಲಿನ ಲೋಳೆಯನ್ನು ತಣ್ಣೀರಿನಲ್ಲಿ ಮೆತ್ತಗೆ ತೊಳೆಯಿರಿ, ಉಜ್ಜಬೇಡಿ.

ಥರ್ಮೋಕೋಲ್ ತುಂಡಿನ ಮೇಲೆ ಮೀನಿನ ತಲೆ ನಿಮ್ಮ ಎಡಗೈ ಕಡೆಗಿರುವಂತೆ ಮಲಗಿಸಿ. ರೆಕ್ಕೆಗಳನ್ನು ಬಿಡಿಸಿ ಸೂಜಿ ಒತ್ತಿ ನಿಲ್ಲಿಸಿ, ಸಣ್ಣ ಬ್ರಷ್ಷಿನಿಂದ ನೀರು ಬೆರೆಸದ ಫಾರ್ಮಲಿನ್ ರೆಕ್ಕೆಗಳಿಗೆ ಮಾತ್ರ ಹಚ್ಚಿ. ಹತ್ತು ನಿಮಿಷದಲ್ಲಿ ಅವು ಬಿಡಿಸಿದಂತೆಯೇ ನಿಲ್ಲುತ್ತವೆ, ಆಗ ಸೂಜಿ ತೆಗೆಯಿರಿ. ಇದನ್ನು ಬಿಟ್ಟರೆ ಬೆನ್ನಿನ ರೆಕ್ಕೆ ಮೈಗಂಟಿ ಗಟ್ಟಿಯಾಗುತ್ತದೆ, ಆಮೇಲೆ ಬಿಡಿಸಹೋದರೆ ಮುರಿಯುತ್ತದೆ. ಮಕ್ಕಳು ರೆಕ್ಕೆಯ ಮುಳ್ಳು ಎಣಿಸಲಾರರು.

ಈಗ ಸಿರಿಂಜ್, ಅದರಲ್ಲಿ ಮೊದಲೇ ಮಾಡಿಟ್ಟ 10 ಶೇಕಡಾ ದ್ರಾವಣ. 150 ಗ್ರಾಂ ತೂಗುವ ಮೀನಿಗೆ ಹೊಟ್ಟೆಯೊಳಗೆ ಸುಮಾರು 10 ಮಿ.ಲೀ., ಕೈಗೆ ಸ್ವಲ್ಪ ಬಿಗಿ ಸಿಗುವವರೆಗೆ. ಬೆನ್ನಿನ ದಪ್ಪ ಮಾಂಸದಲ್ಲಿ ಎರಡು ಬೆರಳಿಗೊಂದರಂತೆ ನಾಲ್ಕೈದು ಕಡೆ ತಲಾ 1–2 ಮಿ.ಲೀ. ಸೂಜಿಗಳೆಲ್ಲ ಬಲಮೈಯಲ್ಲೇ ಚುಚ್ಚಲಿ. ಮೀನನ್ನು ತೋರಿಸುವ ರೂಢಿ ಎಡಮೈಯನ್ನು, ಅದು ಗಾಯವಿಲ್ಲದೆ ಇರಬೇಕು. 25 ಸೆಂ.ಮೀ.ಗಿಂತ ಉದ್ದದ ಮೀನಾದರೆ ಬಲಬದಿಯ ಹೊಟ್ಟೆಯಲ್ಲಿ ಎರಡು-ಮೂರು ಸೆಂ.ಮೀ. ಸೀಳು ಕೂಡ ಬೇಕು.

ಮೀನಿನ ಗಾತ್ರದ ಹತ್ತರಷ್ಟು ದ್ರಾವಣ ಇರಲಿ. ಒಂದು ಬಂಗಡೆಗೆ ಒಂದೂವರೆ ಲೀಟರ್. ಜಾರು ಸಣ್ಣದಾಗಿದ್ದರೆ ಈ ಹಂತವನ್ನು ಬಕೆಟ್ಟಿನಲ್ಲಿ ಮಾಡಿ, ಮೀನನ್ನು ಉದ್ದಕ್ಕೆ ಮಲಗಿಸಿ, ಮುಚ್ಚಳ ಹಾಕಿ ಒಂದು ವಾರ ಬಿಡಿ. ಈ ವಾರದಲ್ಲಿ ಮೀನು ಯಾವ ಆಕಾರದಲ್ಲಿರುತ್ತದೋ ಮುಂದೆ ಎಂದೆಂದಿಗೂ ಅದೇ ಆಕಾರ. ಸಣ್ಣ ಜಾರಿನಲ್ಲಿ ತುರುಕಿದ ಮೀನು ಬಿಲ್ಲಿನಂತೆ ಬಾಗಿರುವುದು ಇದರಿಂದಲೇ.

ವಾರದ ನಂತರ ಎರಡು ದಿನ ನೀರಿನಲ್ಲಿ, ನಾಲ್ಕೈದು ಸಲ ನೀರು ಬದಲಿಸಿ. ಆಮೇಲೆ 30 ಶೇಕಡಾ ಸ್ಪಿರಿಟ್ಟಿನಲ್ಲಿ (ಎಥನಾಲ್) ಒಂದು ದಿನ, 50ರಲ್ಲಿ ಒಂದು ದಿನ, ಕೊನೆಗೆ 70ರಲ್ಲಿ ಕಾಯಂ. ಸೀದಾ 70ಕ್ಕೆ ಹಾಕಿದರೆ ನೀರು ಒಮ್ಮೆಲೇ ಹೊರಬಂದು ಮೈ ಸುಕ್ಕುಗಟ್ಟುತ್ತದೆ. 95 ಶೇಕಡಾದ್ದು 700 ಮಿ.ಲೀ. ತೆಗೆದುಕೊಂಡು ಒಟ್ಟು 950 ಮಿ.ಲೀ. ಆಗುವವರೆಗೆ ಡಿಸ್ಟಿಲ್ಡ್ ನೀರು ಹೊಯ್ದರೆ 70 ಆಯಿತು. ಸ್ಪಿರಿಟ್ಟಿಗೆ ಅಬಕಾರಿ ಅನುಮತಿ ಬೇಕು. ಹೈಸ್ಕೂಲಿಗೆ ಅದು ತಾಪತ್ರಯವಾದರೆ 5 ಶೇಕಡಾ ಫಾರ್ಮಲಿನ್ನಿನಲ್ಲೇ, 50 ಮಿ.ಲೀ.ಗೆ 950 ಮಿ.ಲೀ. ನೀರು, ಮುಚ್ಚಳ ಸೀಲ್ ಮಾಡಿ ಇಡಿ. ಫಾರ್ಮಲಿನ್ನಿನಲ್ಲಿ ಪೂರ್ತಿ ಗಟ್ಟಿಯಾದ ಮೀನನ್ನು 1–2 ಶೇಕಡಾ ಫಿನಾಕ್ಸಿಎಥನಾಲ್ ದ್ರಾವಣದಲ್ಲೂ ಇಡಬಹುದು. ವಾಸನೆ ಬಹಳ ಕಡಿಮೆ, ಬೆಚ್ಚಗಿನ ನೀರಿನಲ್ಲಿ ಕಲಕಿದರೆ ಕರಗುತ್ತದೆ. ಹಸಿ ಮೀನನ್ನು ಅದರಲ್ಲಿ ಹಾಕಿದರೆ ಕೊಳೆಯುತ್ತದೆ.

ಮೊದಲ ವರ್ಷ ದ್ರಾವಣ ಹಳದಿಯಾಗುವುದು ಎಣ್ಣೆ ಬಿಡುವುದರಿಂದ. ಒಮ್ಮೆ ಬದಲಿಸಿ, ಗಾಬರಿ ಬೇಡ. ಕಲಕಿದ ಮಜ್ಜಿಗೆಯಂತಾಗಿ ವಾಸನೆ ಬಂದರೆ ಮಾತ್ರ ಒಳಗೆ ಕೊಳೆಯುತ್ತಿದೆ ಎಂದರ್ಥ.

ಇಷ್ಟೆಲ್ಲ ಮಾಡಿದ ಮೇಲೆ ಜಾರಿನೊಳಗಿನ ಬಂಗಡೆಯಲ್ಲಿ ಮಕ್ಕಳಿಗೆ ತೋರಿಸಲೇಬೇಕಾದದ್ದು ಒಂದಿದೆ. ಗಟ್ಟಿಯಾಗುವ ಮೊದಲು ಬಾಯಿಯಲ್ಲಿ ಒಂದು ಸಣ್ಣ ಹತ್ತಿಯುಂಡೆ ಇಟ್ಟು ಅಗಲವಾಗಿ ತೆರೆದಿಡಿ. ಕನ್ನಡಿಯ ಬೆಳಕು ಬಿಟ್ಟು ನೋಡಿದರೆ ಗಂಟಲ ಎರಡೂ ಪಕ್ಕದಲ್ಲಿ ಹಕ್ಕಿಯ ಗರಿ ಸಾಲಾಗಿ ನಿಲ್ಲಿಸಿದಂತೆ ಉದ್ದುದ್ದ ಎಳೆಗಳು ಕಾಣುತ್ತವೆ. ಅವು ಕಿವಿರಿನ ಕಡ್ಡಿಗಳು. ನೀರು ಕಿವಿರಿನಿಂದ ಹೊರಹೋಗುವಾಗ ಅದರಲ್ಲಿನ ಸೂಕ್ಷ್ಮಜೀವಿಗಳನ್ನು ಸೋಸಿ ಹಿಡಿಯುವ ಜರಡಿ. ಅದೇ ಕಪಾಟಿನಲ್ಲಿ ಬೇಟೆಯಾಡಿ ತಿನ್ನುವ ಮೀನೊಂದಿದ್ದರೆ ಅದರ ಬಾಯಿಯೊಳಗಿನ ಮೋಟು ಕಡ್ಡಿಗಳನ್ನು ಪಕ್ಕಕ್ಕಿಟ್ಟು ತೋರಿಸಿ. ಊಟಕ್ಕೂ ದೇಹರಚನೆಗೂ ಇರುವ ಸಂಬಂಧ ಯಾವ ಚಿತ್ರಕ್ಕಿಂತ ಚೆನ್ನಾಗಿ ಅಲ್ಲಿ ಕಾಣುತ್ತದೆ.

ಪ್ರಶ್ನೆ: ಹಿಂದಿನವರು ಬಿಟ್ಟುಹೋದ ನಲವತ್ತು ಜಾರುಗಳಿವೆ. ಲೇಬಲ್ ಉದುರಿವೆ. ಕೆಲವು ಅರ್ಧ ಆರಿವೆ, ಎರಡು ಪೂರ್ತಿ ಒಣಗಿವೆ. ಯಾವುದರಲ್ಲಿ ಸ್ಪಿರಿಟ್, ಯಾವುದರಲ್ಲಿ ಫಾರ್ಮಲಿನ್ ಎಂದು ತಿಳಿಯುವುದು ಹೇಗೆ? ಮೂಸಿ ನೋಡು ಎನ್ನುತ್ತಾರೆ.
— ಲ್ಯಾಬ್ ಅಟೆಂಡರ್, ಕಾರವಾರ

ಉತ್ತರ: ಮೂಸಬೇಡಿ. ತೂಗಿ ನೋಡಿ. ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯ ಮೇಲೆ ಸಣ್ಣ ಬೀಕರ್ ಇಟ್ಟು ಸೊನ್ನೆ ಮಾಡಿ, ಸಿರಿಂಜಿನಿಂದ ಅಳೆದು 10 ಮಿ.ಲೀ. ದ್ರಾವಣ ಹಾಕಿ. ಫಾರ್ಮಲಿನ್ನಾದರೆ 10 ಗ್ರಾಂಗಿಂತ ಕೂದಲೆಳೆ ಹೆಚ್ಚು. 70 ಶೇಕಡಾ ಸ್ಪಿರಿಟ್ಟಾದರೆ 8.8–8.9 ಗ್ರಾಂ. 9.3 ಬಂದರೆ ಸ್ಪಿರಿಟ್ 50 ಶೇಕಡಾಕ್ಕೆ ಇಳಿದಿದೆ, ಆ ಜಾರನ್ನು ಮೊದಲು ನೋಡಿಕೊಳ್ಳಿ. ಅನುಮಾನ ಉಳಿದರೆ ಕೆಮಿಸ್ಟ್ರಿಯವರಲ್ಲಿ ಶಿಫ್ ದ್ರಾವಣ ಇರುತ್ತದೆ. ಒಂದು ಹನಿ ಫಾರ್ಮಲಿನ್ ಬಿದ್ದರೂ ಅದು ನೇರಳೆಗೆಂಪಾಗುತ್ತದೆ, ಶುದ್ಧ ಸ್ಪಿರಿಟ್ಟಿಗೆ ಆಗುವುದಿಲ್ಲ.

ಅರ್ಧ ಆರಿದ ಸ್ಪಿರಿಟ್ ಜಾರಿಗೆ ಸುಮ್ಮನೆ 70 ಶೇಕಡಾ ಹೊಯ್ದು ತುಂಬಿಸುವುದು ಎಲ್ಲೆಡೆ ನಡೆಯುವ ತಪ್ಪು. ಆರುವಾಗ ಮೊದಲು ಹೋಗುವುದು ಸ್ಪಿರಿಟ್, ಹಿಂದೆ ಉಳಿಯುವುದು ನೀರು. ಹೀಗೆ ನಾಲ್ಕು ಸಲ ತುಂಬಿಸಿದ ಜಾರು ನೋಡಲು ತುಂಬಿರುತ್ತದೆ, ಒಳಗಿರುವುದು ಬರೀ ಸಪ್ಪೆ ನೀರು. 95 ಶೇಕಡಾದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಮೆಲ್ಲಗೆ ಕಲಕಿ, ಮತ್ತೆ ತೂಗಿ 8.9ಕ್ಕೆ ತನ್ನಿ. ತೀರ ಕೊಳಕಾಗಿದ್ದರೆ ಪೂರ್ತಿ ಬದಲಿಸಿ.

ಅಂಟಿಕೊಂಡ ಗಾಜಿನ ಮುಚ್ಚಳಕ್ಕೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಐದು ನಿಮಿಷ ಸುತ್ತಿ, ತೆಳ್ಳನೆಯ ಬ್ಲೇಡನ್ನು ಸುತ್ತಲೂ ಆಡಿಸಿ. ತಟ್ಟಬೇಡಿ, ಬೆಂಕಿ ಹತ್ತಿರ ತರಬೇಡಿ. 70 ಶೇಕಡಾ ಸ್ಪಿರಿಟ್ಟಿನ ಆವಿ ಸುಮಾರು 17 ಡಿಗ್ರಿಯಲ್ಲೇ ಹೊತ್ತಿಕೊಳ್ಳುತ್ತದೆ, ಕಾರವಾರದಲ್ಲಿ ಅಷ್ಟು ತಂಪು ದಿನ ಎಷ್ಟಿವೆ ಹೇಳಿ.

ಪೂರ್ತಿ ಒಣಗಿದವುಗಳನ್ನೂ ಬಿಟ್ಟುಕೊಡಬೇಡಿ. ಲೀಟರ್ ನೀರಿಗೆ 5 ಗ್ರಾಂ ಟ್ರೈಸೋಡಿಯಂ ಫಾಸ್ಫೇಟ್ ಕರಗಿಸಿ, ಉಗುರುಬೆಚ್ಚಗೆ ಮಾಡಿ ಒಣಗಿದ ಪ್ರಾಣಿಯನ್ನು ಮುಳುಗಿಸಿ. ದಿನಾ ಒಮ್ಮೆ ನೋಡಿ. ತೇಲುತ್ತಿದ್ದದ್ದು ತಳಕ್ಕೆ ಇಳಿದು, ಕಾಲು-ರೆಕ್ಕೆ ಮೆತ್ತಗಾದ ದಿನ ತೆಗೆದು ತೊಳೆದು 30, 50, 70ರ ಮೆಟ್ಟಿಲು ಹತ್ತಿಸಿ. ಬಣ್ಣ ಮರಳಿ ಬರುವುದಿಲ್ಲ. ಆಕಾರ ಬಹುಪಾಲು ಬರುತ್ತದೆ.

ಮುಚ್ಚಳದ ವಿಚಾರ. ಉಪ್ಪುಗಾಳಿಯ ಊರಿನಲ್ಲಿ ತಗಡಿನ ಮುಚ್ಚಳದ ಉಪ್ಪಿನಕಾಯಿ ಬಾಟಲಿ ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಪಾಲಿಪ್ರೊಪಿಲೀನ್ ಮುಚ್ಚಳದ ಗಾಜಿನ ಜಾರು ಒಳ್ಳೆಯದು. ಗಾಜಿನ ಮುಚ್ಚಳದ ಹಳೆಯ ಜಾರಿಗೆ ಅಂಚಿನ ಸುತ್ತ ವ್ಯಾಸಲೀನ್ ತೆಳುವಾಗಿ ಸವರಿ, ಪ್ರತಿ ಮಳೆಗಾಲದ ಮುಂಚೆ ಹೊಸದಾಗಿ ಸವರಬೇಕು. ಎಂದೂ ತೆರೆಯದ ಜಾರಿಗೆ ಸಿಲಿಕೋನ್ ಸೀಲೆಂಟ್ ಹಚ್ಚಿ ಒಂದು ದಿನ ಒಣಗಲು ಬಿಡಿ. ಕಂಠಮಟ್ಟ ತುಂಬಬೇಡಿ, ಒಂದು ಬೆರಳು ಜಾಗ ಇರಲಿ. ಏಪ್ರಿಲ್ ಬಿಸಿಲಿಗೆ ಸ್ಪಿರಿಟ್ ಹಿಗ್ಗಿ ಸೀಲನ್ನು ಎಬ್ಬಿಸುತ್ತದೆ.

ಲೇಬಲ್ ಜಾರಿನ ಒಳಗೆ ಇರಬೇಕು, ದಪ್ಪ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು. ಬಾಲ್‌ಪೆನ್ ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಲೇಸರ್ ಪ್ರಿಂಟಿನ ಅಕ್ಷರ ಸಿಪ್ಪೆಯಂತೆ ಎದ್ದು ಬರುತ್ತದೆ. ಊರಿನ ಹೆಸರು, ಶಾಸ್ತ್ರೀಯ ಹೆಸರು, ಎಲ್ಲಿ ಯಾವಾಗ ಸಿಕ್ಕಿದ್ದು, ಯಾವ ದ್ರಾವಣ, ಯಾವಾಗ ಬದಲಿಸಿದ್ದು. ಹೆಸರು ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ, ಜಾರನ್ನೋ ಒಳ್ಳೆಯ ಫೋಟೊವನ್ನೋ ಒಯ್ದು ಕೇಳಿ.

ಕಪಾಟಿನ ಮೇಲಿರುವ ಒಣ ಹುಲ್ಲು ತುಂಬಿದ ಹಕ್ಕಿ, ಮುಂಗುಸಿಗಳನ್ನು ಬರಿಗೈಯಲ್ಲಿ ಜಾಡಿಸಬೇಡಿ. ಹಳೆಯ ಕಾಲದಲ್ಲಿ ಅವುಗಳ ಚರ್ಮಕ್ಕೆ ಆರ್ಸೆನಿಕ್ ಹಚ್ಚುತ್ತಿದ್ದರು.

ಪ್ರಶ್ನೆ: ಫಾರ್ಮಲಿನ್ನಿನಲ್ಲಿಟ್ಟ ಶೆಟ್ಲಿ, ಏಡಿಗಳ ಕಾಲು ಉದುರುತ್ತವೆ, ಸ್ಪಿರಿಟ್ಟಿನಲ್ಲಿಟ್ಟರೆ ಬೇಯಿಸಿದಂತೆ ಕೆಂಪಾಗುತ್ತವೆ. ಯಾವುದು ಸರಿ? ಪುಸ್ತಕದ ಚಿತ್ರಕ್ಕೂ ನಮ್ಮ ಶೆಟ್ಲಿಗೂ ತಾಳೆಯಾಗುವುದಿಲ್ಲ ಎಂದು ಮಕ್ಕಳು ಹೇಳುತ್ತಾರೆ.
— ವಿಜ್ಞಾನ ಶಿಕ್ಷಕಿ, ಅಂಕೋಲಾ

ಉತ್ತರ: ಸ್ಪಿರಿಟ್ಟೇ ಸರಿ. ಹುಳಿಯಾದ ಫಾರ್ಮಲಿನ್ ಚಿಪ್ಪಿನ ಸುಣ್ಣವನ್ನು ಕರಗಿಸುತ್ತದೆ, ಕೀಲುಗಳು ಸಡಿಲವಾಗಿ ಕಾಲು ಕಳಚುತ್ತವೆ. ಏಡಿ, ನಕ್ಷತ್ರಮೀನು, ಬಳಚು (ಕಪ್ಪೆಚಿಪ್ಪು), ಬಸವನಹುಳು ಯಾವುದಕ್ಕೂ ಹುಳಿ ಫಾರ್ಮಲಿನ್ ಆಗದು. 70 ಶೇಕಡಾ ಸ್ಪಿರಿಟ್ಟಿಗೆ ನೂರಕ್ಕೆ ಐದರಂತೆ ಗ್ಲಿಸರಿನ್ ಸೇರಿಸಿ, ಕೀಲು ಬಿರುಸಾಗುವುದಿಲ್ಲ. ಕೆಂಪಾಗುವುದು ಕೆಡುವುದಲ್ಲ. ಶೆಟ್ಲಿಯ ಚಿಪ್ಪಿನಲ್ಲಿರುವ ಆಸ್ಟಾಕ್ಸಾಂತಿನ್ ಎಂಬ ಕೆಂಪು ಬಣ್ಣ ಜೀವಂತವಿರುವಾಗ ಒಂದು ಪ್ರೋಟೀನಿಗೆ ಕಟ್ಟಿಕೊಂಡು ಬೂದು-ನೀಲಿಯಾಗಿ ಕಾಣುತ್ತದೆ. ಬಿಸಿಯಾಗಲಿ ಸ್ಪಿರಿಟ್ಟಾಗಲಿ ಪ್ರೋಟೀನನ್ನು ಕೆಡಿಸಿದರೆ ಕೆಂಪು ಹೊರಬರುತ್ತದೆ. ಸಾರಿನ ಪಾತ್ರೆಯಲ್ಲಿ ಆಗುವುದೇ ಜಾರಿನಲ್ಲೂ ಆಗುತ್ತಿದೆ ಎಂದು ಮಕ್ಕಳಿಗೆ ಹೇಳಿ, ಮರೆಯುವುದಿಲ್ಲ.

ಮಕ್ಕಳು ಹೇಳುವುದು ನಿಜ, ಅವರನ್ನು ಮೆಚ್ಚಬೇಕು. ಪುಸ್ತಕಗಳಲ್ಲಿ ಹೆಚ್ಚಾಗಿ ಬರೆದಿರುವುದು ಸಿಹಿನೀರಿನ ಸೀಗಡಿಯನ್ನು. ಅದರ ನಡೆಯುವ ಕಾಲುಗಳಲ್ಲಿ ಮೊದಲ ಎರಡು ಜೊತೆಗೆ ಮಾತ್ರ ಚಿಮಟ, ಎರಡನೆಯದು ದೊಡ್ಡದು. ಅಂಕೋಲಾ ಪೇಟೆಯಲ್ಲಿ ಸಿಗುವುದು ಬಹುಪಾಲು ಕಡಲ ಶೆಟ್ಲಿ, ಅದಕ್ಕೆ ಮೊದಲ ಮೂರು ಜೊತೆಗೂ ಸಣ್ಣ ಚಿಮಟಗಳಿವೆ. ಇನ್ನೊಂದು ಗುರುತು ಸೊಂಟದ ಪಕ್ಕದ ಪದರಗಳಲ್ಲಿ: ಸಿಹಿನೀರಿನದರಲ್ಲಿ ಎರಡನೆಯ ಪದರ ತನ್ನ ಹಿಂದು-ಮುಂದಿನ ಎರಡರ ಮೇಲೂ ಹೊದ್ದುಕೊಂಡಿರುತ್ತದೆ, ಕಡಲಿನದರಲ್ಲಿ ಮೊದಲನೆಯದು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ ಹೀಗೆ ಹೆಂಚಿನಂತೆ. ಸಿಹಿನೀರಿನ ಹೆಣ್ಣು ಹೊಟ್ಟೆಯಡಿ ಮೊಟ್ಟೆ ಹೊತ್ತು ತಿರುಗುತ್ತದೆ, ಕಡಲಿನದು ನೀರಿಗೆ ಬಿಡುತ್ತದೆ. ಎರಡನ್ನೂ ಅಕ್ಕಪಕ್ಕ ಇಡಿ.

ಜೀವ ತೆಗೆಯದೆ ಮಾಡುವ ಒಳ್ಳೆಯ ಚಟುವಟಿಕೆ ಎಂದರೆ ಅವಯವಗಳ ಹಾಳೆ. ಅಡುಗೆಗೆ ತಂದ ಒಂದು ದೊಡ್ಡ ಶೆಟ್ಲಿ ಸಾಕು. ಹಿಂದಿನಿಂದ ಮುಂದಕ್ಕೆ, ಬಾಲದಿಂದ ಶುರುಮಾಡಿ, ಲ್ಯಾಬಿನ ಚಿಮಟದಿಂದ ಬುಡದಲ್ಲಿ ಹಿಡಿದು ಒಂದೊಂದೇ ಬಿಡಿಸಿ. ತಲೆಯ ಕಡೆಯಿಂದ ಶುರುಮಾಡಿದರೆ ಬಾಯಿಯ ಸುತ್ತಲಿನ ಎಳೆಯಂಥ ಭಾಗಗಳು ಹರಿದುಹೋಗುತ್ತವೆ. ಒಟ್ಟು 19 ಜೊತೆ ಸಿಗಬೇಕು: ತಲೆಯಲ್ಲಿ 5, ಎದೆಯಲ್ಲಿ 8, ಹೊಟ್ಟೆಯಲ್ಲಿ 6. ಕಪ್ಪು ಕಾಗದದ ಮೇಲೆ ಸಾಲಾಗಿ ಜೋಡಿಸಿ, ನೆರಳಿನಲ್ಲಿ ಒಣಗಿಸಿ, ಅಂಟಿಸಿ. 17 ಬಂದರೆ ಬಿಟ್ಟುಹೋದವು ಸಾಮಾನ್ಯವಾಗಿ ಬಾಯಿಯ ಹತ್ತಿರದ ತೆಳು ಎಲೆಯಂಥ ಎರಡು ಜೊತೆಗಳು.

ಪ್ರಶ್ನೆ: ಸ್ಪೆಸಿಮನ್ ಹೊರಗೆ ತೆಗೆದ ದಿನ ಕಣ್ಣು ಉರಿದು ತಲೆ ನೋಯುತ್ತದೆ. ಮಾಸ್ಕ್ ಹಾಕಿಕೊಂಡರೂ ಅಷ್ಟೇ. ಅಪಾಯವೇ?
— ಪಿಯು ವಿದ್ಯಾರ್ಥಿನಿ, ಭಟ್ಕಳ

ಉತ್ತರ: ನಿನ್ನ ಕಣ್ಣು ಸರಿಯಾಗಿಯೇ ಹೇಳುತ್ತಿದೆ ಮಗಳೇ, ಅದನ್ನು ಸಹಿಸಿಕೊಳ್ಳಬೇಡ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನಲ್ಲಿ ಸೇರಿಸಿದೆ. ವರ್ಷಕ್ಕೆ ನಾಲ್ಕು ದಿನ ಲ್ಯಾಬಿನಲ್ಲಿ ಕೂತದ್ದಕ್ಕೆ ಹೆದರಬೇಕಿಲ್ಲ, ಆದರೆ ಉರಿಯುತ್ತಿದೆ ಎಂದರೆ ಗಾಳಿಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚಿದೆ. ಬಟ್ಟೆಯ ಮಾಸ್ಕಾಗಲಿ ಸರ್ಜಿಕಲ್ ಮಾಸ್ಕಾಗಲಿ ಧೂಳು ತಡೆಯುತ್ತದೆ, ಈ ಅನಿಲವನ್ನು ತಡೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ವಾಸನೆ ಬರುವುದು ನಿಂತರೆ ಅದು ಹೋಯಿತೆಂದಲ್ಲ, ಮೂಗು ಒಗ್ಗಿಕೊಂಡಿತು.

ಪರಿಹಾರ ಇರುವುದು ಹಿಂದಿನ ದಿನದ ಕೆಲಸದಲ್ಲಿ, ಇದನ್ನು ಉಪನ್ಯಾಸಕರಿಗೆ ತೋರಿಸು. ಮುಟ್ಟಿ ನೋಡಬೇಕಾದ ಸ್ಪೆಸಿಮನ್ನನ್ನು ಹಿಂದಿನ ಮಧ್ಯಾಹ್ನವೇ ಮುಚ್ಚಳವಿರುವ ಬಕೆಟ್ಟಿನ ನೀರಿನಲ್ಲಿ ಹಾಕಿ, ಎರಡು-ಮೂರು ಸಲ ನೀರು ಬದಲಿಸಬೇಕು. ಒಳಗಿನದು ನಿಧಾನಕ್ಕೆ ಹೊರಬರುತ್ತಲೇ ಇರುವುದರಿಂದ ಎದುರುಬದುರು ಕಿಟಕಿ ತೆರೆದಿರಬೇಕು. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಪಡುವಣದ ಕಡಲಿನಿಂದ ಬರುತ್ತದೆ. ಪಡುವಣ ಕಿಟಕಿಗೆ ಬೆನ್ನು ಹಾಕಿ ನಿಂತು, ಟ್ರೇ ಮುಂದಿಟ್ಟುಕೊಂಡರೆ ಆವಿ ಮುಖಕ್ಕೆ ಬರದೆ ಆಚೆ ಹೋಗುತ್ತದೆ. ನೈಟ್ರೈಲ್ ಕೈಗವಸು, ಕನ್ನಡಕ ಇರಲಿ, ಕಾಂಟ್ಯಾಕ್ಟ್ ಲೆನ್ಸ್ ಬೇಡ. ಕಣ್ಣಿಗೆ ಹನಿ ಸಿಡಿದರೆ ನಲ್ಲಿಯಡಿ ರೆಪ್ಪೆ ಬಿಡಿಸಿ ಹದಿನೈದು ನಿಮಿಷ ಗಡಿಯಾರ ನೋಡಿ ತೊಳೆದು, ಆಮೇಲೆ ಆಸ್ಪತ್ರೆಗೆ. ಚರ್ಮದ ಮೇಲೆ ಗಂದೆ ಏಳುವ, ಉಬ್ಬಸವಿರುವ ಮಕ್ಕಳು ಸೀಲ್ ಮಾಡಿದ ಜಾರನ್ನು ಹೊರಗಿನಿಂದ ನೋಡಿದರೆ ಸಾಕು.

ಪ್ರಶ್ನೆ: ಕೀಟಗಳ ಪೆಟ್ಟಿಗೆಯಲ್ಲಿ ಪ್ರತಿ ಮಳೆಗಾಲ ಬೂಸು ಬರುತ್ತದೆ. ನುಸಿಗುಳಿಗೆ ಹಾಕಿದ್ದೇವೆ.
— ಶಿಕ್ಷಕ, ಶಿರಸಿ

ಉತ್ತರ: ನುಸಿಗುಳಿಗೆ ಹುಳುಗಳನ್ನು ದೂರ ಇಡುತ್ತದೆ, ಬೂಸಿಗೆ ಬೇಕಾದ್ದು ತೇವ, ಅದನ್ನು ಅದು ಮುಟ್ಟುವುದಿಲ್ಲ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಪೆಟ್ಟಿಗೆಯನ್ನು ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಬಟ್ಟೆಚೀಲದಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿ. ಬಣ್ಣ ಬದಲಾಗುವ ಬಗೆಯದ್ದು ಕೊಳ್ಳಿ. ಬದಲಾದಾಗ ಲ್ಯಾಬಿನ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು-ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಮೂಲೆಯಲ್ಲಿ ಥೈಮಾಲ್ ಹರಳು ನಾಲ್ಕು ಇದ್ದರೆ ಇನ್ನೂ ಒಳ್ಳೆಯದು. ಆಗಲೇ ಬೂಸು ಬಂದದ್ದಕ್ಕೆ ಮೆತ್ತನೆಯ ಬ್ರಷ್ಷನ್ನು 70 ಶೇಕಡಾ ಸ್ಪಿರಿಟ್ಟಿನಲ್ಲಿ ಅದ್ದಿ ಸವರಿ. ಚಿಟ್ಟೆಯ ರೆಕ್ಕೆಗೆ ಮಾತ್ರ ಬ್ರಷ್ ಮುಟ್ಟಿಸಬೇಡಿ, ಹುಡಿ ಉದುರಿ ರೆಕ್ಕೆ ಬೋಳಾಗುತ್ತದೆ.

ಪ್ರಶ್ನೆ: ಬಲೆಯಲ್ಲಿ ಸತ್ತ ಕಡಲಕುದುರೆ ಸಿಕ್ಕಿದೆ, ದಡದಲ್ಲಿ ಸತ್ತ ಆಮೆಮರಿಯೂ. ಶಾಲೆಗೆ ಕೊಡಬಹುದೇ?
— ಓದುಗರು, ಕಾಸರಕೋಡ (ಹೊನ್ನಾವರ)

ಉತ್ತರ: ಕೊಡಬೇಡಿ, ಶಾಲೆಯವರು ತೆಗೆದುಕೊಳ್ಳಲೂ ಬಾರದು. ನಿಮ್ಮ ದಡದಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲಿ ಕಡಲಾಮೆ, ಎಲ್ಲ ಕಡಲಕುದುರೆಗಳು, ಸಮುದ್ರಸೌತೆಗಳು, ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಸತ್ತದ್ದಾದರೂ ಇಟ್ಟುಕೊಳ್ಳುವುದು ಅಪರಾಧವೇ. ವಲಯ ಅರಣ್ಯಾಧಿಕಾರಿಗೆ ತಿಳಿಸಿ. ಕಪಾಟಿನಲ್ಲಿ ಹಳೆಯದು ಇದ್ದರೆ ಶಾಲೆಯವರು ಮುಚ್ಚಿಡದೆ, ರಹಸ್ಯವಾಗಿ ಎಸೆಯದೆ, ಇದೇ ಕಚೇರಿಗೆ ಪತ್ರ ಬರೆದು ಸಲಹೆ ಕೇಳಲಿ. ಸಂಗ್ರಹಕ್ಕೆ ಬೇಕಾದ ಚಿಪ್ಪುಗಳನ್ನು ಅಘನಾಶಿನಿ ದಂಡೆಯಲ್ಲಿ ಬಳಚು ತೆಗೆಯುವವರ ಮನೆಯಂಗಳದಿಂದ, ತಿಂದು ಬಿಟ್ಟ ಖಾಲಿ ಚಿಪ್ಪುಗಳಲ್ಲೇ ಆರಿಸಿಕೊಳ್ಳಬಹುದು. ಅಲ್ಲಿ ನಾಲ್ಕೈದು ಜಾತಿ ಒಂದೇ ರಾಶಿಯಲ್ಲಿ ಸಿಗುತ್ತವೆ.

ಪ್ರಶ್ನೆ: ಇಪ್ಪತ್ತು ಲೀಟರ್ ಹಳೆಯ ಫಾರ್ಮಲಿನ್ ಇದೆ. ಚರಂಡಿಗೆ ಬಿಡಬಹುದೇ? ಬ್ಲೀಚಿಂಗ್ ಪೌಡರ್ ಹಾಕಿದರೆ ವಿಷ ಹೋಗುತ್ತದೆಯೇ?
— ಮುಖ್ಯ ಶಿಕ್ಷಕರು, ಕಾರವಾರ ತಾಲ್ಲೂಕು

ಉತ್ತರ: ಎರಡೂ ಬೇಡ. ಬ್ಲೀಚಿಂಗ್ ಪೌಡರ್, ಆಮ್ಲ ಯಾವುದನ್ನೂ ಫಾರ್ಮಲಿನ್ನಿಗೆ ಬೆರೆಸಬಾರದು, ಇನ್ನೂ ಕೆಟ್ಟ ಅನಿಲಗಳು ಏಳಬಹುದು. ಚರಂಡಿ ಕೊನೆಗೆ ಹಳ್ಳಕ್ಕೆ, ಹಳ್ಳ ಕಾಳಿ ನದಿಯ ಹಿನ್ನೀರಿಗೆ. ಸತ್ತ ಮೀನನ್ನು ಕಾಪಾಡುವ ದ್ರಾವಣ ಜೀವಂತ ಮೀನುಮರಿಯನ್ನು ಕೊಲ್ಲುತ್ತದೆ.

ಮೊದಲು, ಅದು ನಿಜವಾಗಿ ಬೇಡವೇ ನೋಡಿ. ತಿಳಿಯಾಗಿದ್ದರೆ ಬಟ್ಟೆಯಲ್ಲಿ ಸೋಸಿ, ಪಿಎಚ್ ಸರಿಮಾಡಿ ಮುಂದಿನ ಸಲ ಮೀನು ಗಟ್ಟಿಮಾಡಲು ಬಳಸಿ. ತಳದಲ್ಲಿ ಬಿಳಿ ಹಿಟ್ಟಿನಂತೆ ಕೂತಿದ್ದರೆ ಅದು ಪ್ಯಾರಾಫಾರ್ಮಾಲ್ಡಿಹೈಡ್. ಮೇಲಿನದು ತನ್ನ ಬಲ ಕಳೆದುಕೊಂಡಿದೆ ಎಂದರ್ಥ, ಅದನ್ನು ಹೊಸ ಕೆಲಸಕ್ಕೆ ನಂಬಬೇಡಿ. ಬೇಡವಾದದ್ದನ್ನು ಗಟ್ಟಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ, ಮುಕ್ಕಾಲಿಗಿಂತ ಮೇಲೆ ಹೋಗದಂತೆ ನೋಡಿ, ಹೆಸರು-ತಾರೀಖು-ಪ್ರಮಾಣ ಬರೆದು, ಬಿಸಿಲು ಬೀಳದ ಬೀಗದ ಕೋಣೆಯಲ್ಲಿಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಪತ್ರ ಬರೆದು ಪರವಾನಗಿ ಇರುವ ತ್ಯಾಜ್ಯ ಸಂಸ್ಥೆಯ ವಿವರ ಕೇಳಿ. ಕಾರವಾರದ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗಕ್ಕೂ ಇದು ದಿನನಿತ್ಯದ ವಿಚಾರ, ಅವರ ತ್ಯಾಜ್ಯದ ಜೊತೆ ನಿಮ್ಮದನ್ನೂ ಕಳಿಸಬಹುದೇ ಎಂದು ಮೊದಲೇ ಕೇಳಿ. ನಾಲ್ಕಾರು ಶಾಲೆಗಳು ಸೇರಿ ಒಂದೇ ಸಲ ಕೊಟ್ಟರೆ ಖರ್ಚೂ ಹಂಚಿಹೋಗುತ್ತದೆ.

ಕೊಳೆತು ಬಳಕೆಗೆ ಬಾರದ ಸ್ಪೆಸಿಮನ್ನುಗಳೂ ಅದೇ ದಾರಿಯಲ್ಲಿ ಹೋಗಲಿ. ಕಸದ ತೊಟ್ಟಿಗೆ ಹಾಕಿದರೆ ನಾಯಿ, ಕಾಗೆ ಎಳೆದಾಡುತ್ತವೆ, ತಿಂದರೆ ಸಾಯುತ್ತವೆ. ಖಾಲಿಯಾದ ಜಾರುಗಳನ್ನು ತೊಳೆದ ಮೊದಲ ಎರಡು ನೀರನ್ನು ಅದೇ ಕ್ಯಾನಿಗೆ ಹೊಯ್ಯಿರಿ. ಮೂರನೆಯದನ್ನು ಮಾತ್ರ ಸಿಂಕಿಗೆ ಬಿಡಿ.